ಹತ್ತೊಂಬತ್ತು ಮುಚ್ಚಳ ಮಳೆ

ಡಬ್ಬಿ ಇನ್ನೂ ಬೆಚ್ಚಗಿದ್ದುದರಿಂದ ಹಾಲಸ್ವಾಮಿಗೆ ಕೈ ಮುಗಿಯಲಾಗಲಿಲ್ಲ. ಏಳು ವರ್ಷದ ಮಗಳ ಭೇದಿಯ ಸ್ಯಾಂಪಲ್ಲನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು, ಆರುವುದರೊಳಗೆ ಲ್ಯಾಬಿಗೆ ಮುಟ್ಟಿಸಬೇಕೆಂಬ ನರ್ಸಿನ ಮಾತನ್ನು ತಲೆಯಲ್ಲಿ ಹೊತ್ತು, ಆಸ್ಪತ್ರೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿಯುತ್ತಿದ್ದವನಿಗೆ ತಿರುವಿನಲ್ಲಿ ಡಾಕ್ಟರ್ ರೇವತಿ ಎದುರಾದಳು. ಒಂದು ವಾರದಿಂದ ಅವನು ಫೋನು ಎತ್ತದೆ ತಪ್ಪಿಸಿಕೊಂಡು ತಿರುಗುತ್ತಿದ್ದುದು ಇವಳಿಂದಲೇ. ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರಾಗಲು ಓದುತ್ತಿರುವ ಹುಡುಗಿಗೂ ಹರಿಹರದ ಕಚೇರಿಯೊಂದರ ಗುಮಾಸ್ತನಿಗೂ ಏನು ಸಂಬಂಧ ಎಂದು ಆರು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ಅವನು ನಿರಾಳವಾಗಿ ನಗುತ್ತಿದ್ದ.

"ಸರ್! ಹಾಲಸ್ವಾಮಿ ಸರ್! ಹನ್ನೊಂದು ಸಲ ಫೋನ್ ಮಾಡೀನಿ ನಿಮಗೆ."

"ಚಾರ್ಜ್ ಇರ್ಲಿಲ್ಲ ಮೇಡಂ," ಎಂದ ಹಾಲಸ್ವಾಮಿ. ಆ ಕ್ಷಣವೇ ಅವನ ಜೇಬಿನಲ್ಲಿ ಫೋನು ಕೂಗತೊಡಗಿತು. ಅದು ಕೂಗಿ ಮುಗಿಯುವವರೆಗೆ ಇಬ್ಬರೂ ಗೌರವದಿಂದ ಕಾದರು.

ರೇವತಿ ಕೈ ಚಾಚಿದಳು. ಡಬ್ಬಿ ಬಲಗೈಯಿಂದ ಎಡಗೈಗೆ ಹೋಯಿತು, ಬಲಗೈ ಪ್ಯಾಂಟಿಗೆ ಒರೆಸಿಕೊಂಡಿತು. ಅಷ್ಟರಲ್ಲಿ ಅವಳ ಕಣ್ಣು ಡಬ್ಬಿಯ ಮೇಲೆ ಬಿದ್ದು, ಚಾಚಿದ ಕೈ ಹಿಂದಕ್ಕೆ ಹೋಗಿ ತನ್ನ ಕೂದಲನ್ನು ಸರಿಮಾಡಿತು. "ಯಾರಿಗೆ ಹುಷಾರಿಲ್ಲ ಸರ್?"

"ಮಗಳಿಗೆ. ಹದಿನಾಕನೇ ಬೆಡ್ಡು."

"ಅದು ಇವತ್ತಿಂದ ನನ್ ಬೆಡ್ಡೇ! ಒಳ್ಳೇದಾತು ಬಿಡ್ರಿ," ಎಂದವಳು ಏನು ಹೇಳಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. "ಅಂದ್ರೆ, ಒಳ್ಳೇದಲ್ಲ, ಪಾಪ. ಸಹಿ ವಿಷ್ಯಕ್ಕೆ ಅಂದೆ. ಇವತ್ತು ನಾಕು ಗಂಟೆ ಒಳಗೆ ಥೀಸಿಸ್ ಕೊಡ್ಬೇಕು. ನಿಮ್ ಸರ್ಟಿಫಿಕೇಟ್ ಒಂದೇ ಬಾಕಿ. ವಾರ್ಡಿಗೇ ತರ್ತೀನಿ, ಅಲ್ಲೇ ಇರ್ರಿ."

ಬೇರೆಲ್ಲಿಗೆ ಹೋಗುವುದು? ಮಗಳ ಕೈಗೆ ಸಲೈನ್ ಕಟ್ಟಿದ್ದಾರೆ, ಹೆಂಡತಿ ಬೆಡ್ಡಿನ ಅಂಚಿಗೆ ಕಟ್ಟಿಹಾಕಿದಂತೆ ಕೂತಿದ್ದಾಳೆ. ಸರ್ಟಿಫಿಕೇಟಿನ ಕರಡು ಅವನ ಫೋನಿಗೆ ಬಂದು ಒಂದು ವಾರವಾಗಿತ್ತು. ಅದನ್ನು ಅವನು ಎಷ್ಟು ಸಲ ಓದಿದ್ದನೆಂದರೆ ಈಗ ಮೆಟ್ಟಿಲಿಳಿಯುವಾಗ ಹೆಜ್ಜೆಗೊಂದು ಪದ ಬೀಳುತ್ತಿತ್ತು: ಹರಿಹರದ, ಈ ಮಳೆಯ, ಅಳತೆಗಳನ್ನು, ಐದು ವರ್ಷಗಳ ಕಾಲ, ಪ್ರತಿದಿನ, ಪ್ರಮಾಣಿತ ಅಳತೆ ಗ್ಲಾಸಿನಿಂದ, ನಾನೇ ಅಳೆದು, ದಾಖಲಿಸಿರುತ್ತೇನೆ. ಕೊನೆಯ ಮೆಟ್ಟಿಲಿನಲ್ಲಿ ಪೂರ್ಣವಿರಾಮವೆಂಬಂತೆ ಅವನು ಎಡವಿದ. ಸಹಿ ಹಾಕಿದರೆ ಸುಳ್ಳು. ಹಾಕದಿದ್ದರೆ, ಯಾಕೆ ಹಾಕುವುದಿಲ್ಲ ಎಂದು ಹೇಳಬೇಕಾಗುತ್ತದೆ, ಅದೂ ಮಗಳ ನಾಡಿ ಹಿಡಿದಿರುವ ಡಾಕ್ಟರಿಗೆ. ಅವಳೇನೂ ಸೂಜಿಯನ್ನು ಬೇಕೆಂದೇ ಜೋರಾಗಿ ಚುಚ್ಚುವವಳಲ್ಲ. ಆದರೂ ಮನುಷ್ಯರ ಕೈ ಅವರಿಗೇ ತಿಳಿಯದಂತೆ ಸ್ವಲ್ಪ ಒರಟಾಗಬಹುದಲ್ಲ. ಲ್ಯಾಬಿನ ಕಿಟಕಿಯಲ್ಲಿದ್ದವನು ಡಬ್ಬಿಯನ್ನು ದೀಪಕ್ಕೆ ಎತ್ತಿ ಹಿಡಿದು, ಸರತಿಯಲ್ಲಿದ್ದ ಹನ್ನೆರಡು ಜನಕ್ಕೂ ಕೇಳುವಂತೆ "ಹೆಸರೇ ಇಲ್ಲ. ಯಾರ್ದಿದು?" ಎಂದ. "ನಂದು," ಎಂದ ಹಾಲಸ್ವಾಮಿ. ಆಮೇಲೆ, "ಅಲ್ಲ, ಮಗಳದು."

"ನಿಂದಾ ಮಗಳದಾ, ಒಂದು ಹೇಳಪ್ಪ."

ಹನ್ನೆರಡು ಮುಖಗಳೂ ಅವನ ಉತ್ತರಕ್ಕಾಗಿ ತಿರುಗಿದವು. ಇಂಥ ಸರಳ ಪ್ರಶ್ನೆಗೂ ತನಗೆ ಒಂದೇ ಉತ್ತರ ಕೊಡಲಾಗಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಐದು ವರ್ಷದ ಹಿಂದೆ ಕಚೇರಿಯ ಆ ಅಳತೆ ಗ್ಲಾಸು ಒಡೆಯುವವರೆಗೆ ಹಾಲಸ್ವಾಮಿ ತನ್ನನ್ನು ಪ್ರಾಮಾಣಿಕನೆಂದೇ ತಿಳಿದಿದ್ದ. ಕಚೇರಿಯ ಹಿತ್ತಲಲ್ಲಿ, ಚಕ್ರವಿಲ್ಲದ ಜೀಪಿನ ಆಚೆ, ತಂತಿ ಬೇಲಿಯೊಳಗೆ ಮಳೆಮಾಪಕ ನಿಂತಿದೆ. ಮೇಲೊಂದು ಆಲಿಕೆ, ಕೆಳಗೆ ನೀರು ಕೂಡುವ ಪಾತ್ರೆ. ಬೆಳಿಗ್ಗೆ ಎಂಟೂವರೆಗೆ ಆ ನೀರನ್ನು ಗೆರೆ ಹಾಕಿದ ಗ್ಲಾಸಿಗೆ ಸುರಿದು, ಎಷ್ಟು ಮಿಲಿಮೀಟರೆಂದು ರಿಜಿಸ್ಟರಿನಲ್ಲಿ ಬರೆದು, ಒಂಬತ್ತರೊಳಗೆ ಜಿಲ್ಲಾ ಕಚೇರಿಗೆ ಫೋನಿನಲ್ಲಿ ಹೇಳಬೇಕು. ಜವಾನ ಗೋಣೆಪ್ಪ ಒಂದು ದಿನ ಗ್ಲಾಸನ್ನು ತೊಳೆದು ಕಾಂಪೌಂಡ್ ಗೋಡೆಯ ಮೇಲೆ ಒಣಗಲಿಟ್ಟ. ಕೋತಿ ಬೀಳಿಸಿತೆಂದು ಅವನ ಹೇಳಿಕೆ. ಕೋತಿ ಹೇಳಿಕೆ ಕೊಡಲಿಲ್ಲ. ಹೊಸ ಗ್ಲಾಸಿಗಾಗಿ ಬರೆದ ಪತ್ರಕ್ಕೆ ಎಂಟು ತಿಂಗಳ ಮೇಲೆ ಉತ್ತರ ಬಂತು: ಒಡೆದ ಗ್ಲಾಸಿನ ಚೂರುಗಳನ್ನು ಲಗತ್ತಿಸಿ ಪ್ರಸ್ತಾವನೆಯನ್ನು ಮರುಸಲ್ಲಿಸುವುದು. ಚೂರುಗಳನ್ನು ಗೋಣೆಪ್ಪ ಅಂದೇ ಗುಡಿಸಿ ಎಸೆದಿದ್ದ. "ಬ್ಯಾರೆ ಯಾವ್ದಾರ ಗ್ಲಾಸಿನ ಚೂರು ಕಳ್ಸನ ಸಾಹೇಬ್ರೆ, ಅವ್ರೇನು ಜೋಡಿಸಿ ನೋಡ್ತಾರಾ?" ಎಂದಿದ್ದ. ಅದು ಸುಳ್ಳಾಗುತ್ತದೆಂದು ಹಾಲಸ್ವಾಮಿ ಒಪ್ಪಿರಲಿಲ್ಲ. ಆ ನಿರಾಕರಣೆಯ ಹೆಮ್ಮೆ ಅವನಿಗೆ ಬಹಳ ದಿನ ಇತ್ತು.

ಗ್ಲಾಸು ಒಡೆದ ಮರುದಿನ ಮಳೆ ಬಂದಿತ್ತು. ಪಾತ್ರೆಯಲ್ಲಿ ನೀರಿತ್ತು, ಅಳೆಯಲು ಏನೂ ಇರಲಿಲ್ಲ. ಹಿಂದಿನ ಸಂಜೆ ಮಗಳಿಗೆ ಕೊಂಡಿದ್ದ ಜ್ವರದ ಸಿರಪ್ಪಿನ ಅಳತೆ ಮುಚ್ಚಳ ಜೇಬಿನಲ್ಲೇ ಉಳಿದಿತ್ತು. ಹತ್ತು ಎಂ.ಎಲ್. ಹಿಡಿಯುವ ಮುಚ್ಚಳ. ಆಲಿಕೆಯ ಬಾಯಿಯ ವಿಸ್ತೀರ್ಣವನ್ನು ಹೈಸ್ಕೂಲಿನ ಗಣಿತ ನೆನಪಿಸಿಕೊಂಡು ಲೆಕ್ಕ ಹಾಕಿದ: ಎರಡು ಮುಚ್ಚಳ ನೀರಿಗೆ ಒಂದು ಮಿಲಿಮೀಟರ್ ಮಳೆ. ಲೆಕ್ಕ ಸರಿಯಾಗಿತ್ತು, ಈಗಲೂ ಸರಿಯೇ. ಅಂದಿನಿಂದ ಅವನು ಹರಿಹರದ ಆಕಾಶವನ್ನು ಮುಚ್ಚಳ ಮುಚ್ಚಳವಾಗಿ ಎಣಿಸಿ ಚೆಲ್ಲಿದ್ದಾನೆ. ಜೋರು ಮಳೆಯ ಮರುದಿನ ಎಂಬತ್ತು, ನೂರು ಮುಚ್ಚಳ. ಅರವತ್ತೇಳನೆಯದರಲ್ಲಿ ಯಾರಾದರೂ ಬೇಲಿಯಾಚೆಯಿಂದ "ಏನ್ ಸಾಹೇಬ್ರೆ, ತಿಂಡಿ ಆತಾ?" ಎಂದರೆ ಉತ್ತರವಾಗಿ "ಅರವತ್ತೇಳು" ಎನ್ನುತ್ತಿದ್ದ. ಜನ ಅವನ ವಿಷಯದಲ್ಲಿ ಕನಿಕರದಿಂದ ಮಾತಾಡುತ್ತಾರೆಂದು ಗೋಣೆಪ್ಪ ತಿಳಿಸಿದ್ದ.

ತೊಂದರೆ ಇದ್ದದ್ದು ಯಶೋದಾಳಿಂದ. ಹೆಂಡತಿ ಬಿ.ಎಸ್ಸಿ. ಓದಿದವಳು. ಆದರೆ ಆ ಮುಚ್ಚಳಕ್ಕೆ ಕೈಗುಣ ಇದೆಯೆಂದು ಅವಳ ನಂಬಿಕೆ. ಮೊದಲ ಸಲ ಅದರಲ್ಲಿ ಸಿರಪ್ ಕುಡಿಸಿದಾಗ ರಶ್ಮಿಯ ಜ್ವರ ಅರ್ಧ ಗಂಟೆಯಲ್ಲಿ ಇಳಿದಿತ್ತು. ಆಮೇಲೆ ಬಂದ ಬಾಟಲಿಗಳ ಮುಚ್ಚಳಗಳನ್ನೆಲ್ಲ ಅವಳು ಎಸೆದಳು, ಅದೊಂದನ್ನು ಅಡುಗೆಮನೆಯ ಕಪಾಟಿನಲ್ಲಿ ಇಟ್ಟಳು. ಜ್ವರವಿಲ್ಲದ ದಿನ ಹಾಲಸ್ವಾಮಿ ಬೆಳಿಗ್ಗೆ ಅದನ್ನು ಕದ್ದು ಜೇಬಿಗೆ ಹಾಕಿಕೊಳ್ಳುತ್ತಿದ್ದ, ಸಂಜೆ ದಾವಣಗೆರೆಗೆ ಮರಳಿ ದೇವರಾಜ ಅರಸು ಬಡಾವಣೆಯ ಮನೆಯ ಹೊರಗಿನ ನಲ್ಲಿಯಲ್ಲಿ ತೊಳೆದು ಕಪಾಟಿಗೆ ಸೇರಿಸುತ್ತಿದ್ದ. ಬೇರೆ ಮುಚ್ಚಳ ತರಬಹುದಿತ್ತು. ಅದು ಅವನಿಗೂ ಗೊತ್ತು. ಮೊದಲು ನಾಳೆ ತಂದರಾಯಿತೆಂದು ಬಿಟ್ಟ, ಆಮೇಲೆ ಈ ಮುಚ್ಚಳದ ಅಳತೆಗೂ ಆ ಮುಚ್ಚಳದ ಅಳತೆಗೂ ಕೂದಲೆಳೆ ವ್ಯತ್ಯಾಸವಿದ್ದರೆ ದಾಖಲೆ ಕೆಡುತ್ತದೆಂದು ಬಿಟ್ಟ. ಅಷ್ಟು ಶಿಸ್ತಿನ ಮನುಷ್ಯ. ಜ್ವರ ಬಂದ ದಿನ ಮಾತ್ರ ಮುಚ್ಚಳ ಮನೆಯಲ್ಲಿ, ಹಾಲಸ್ವಾಮಿಯೂ ಮನೆಯಲ್ಲಿ. ಎಂಟೂವರೆಗೆ ಹರಿಹರದಿಂದ ಗೋಣೆಪ್ಪನ ಫೋನು. "ಎಷ್ಟು ಬಂದೈತೋ?" "ಬಂದೈತ್ರಿ ಸಾಹೇಬ್ರೆ. ಚಪ್ಪಲಿ ಹಸಿ ಆಗೋವಷ್ಟು." "ಯಾರ ಚಪ್ಪಲಿ?" "ನಂದೇ ರೀ." "ನೀರು ಹಂಗೇ ಇಡು." "ಚೆಲ್ಲಿಬಿಟ್ಟೆನಲ್ರೀ." ಒಂಬತ್ತಕ್ಕೆ ಜಿಲ್ಲಾ ಕಚೇರಿಯಿಂದ, ಹರಿಹರದ್ದು ಒಂದೇ ಬಾಕಿ, ಬೇಗ ಹೇಳ್ರಿ ಎಂಬ ಗದರಿಕೆ. ಹಾಗೆ ಮೊದಲ ಸಲ ಗದರಿಸಿದಾಗ ಅವನ ಕೈಯಲ್ಲಿ ಡಾಕ್ಟರ ಚೀಟಿ ಇತ್ತು, ಚೀಟಿಯ ಮೂಲೆಯಲ್ಲಿ ಮೂರು ವರ್ಷದ ರಶ್ಮಿಯ ತೂಕವಿತ್ತು. "ಹನ್ನೆರಡು ಪಾಯಿಂಟ್ ನಾಕು," ಎಂದುಬಿಟ್ಟ. ಆಚೆ ಕಡೆಯವನು ಬರೆದುಕೊಂಡ. ಹನ್ನೆರಡು ಎಂದಿದ್ದರೆ ಅನುಮಾನ ಬರುತ್ತಿತ್ತೇನೋ. ಆ ಪಾಯಿಂಟ್ ನಾಲ್ಕರಲ್ಲಿ ಎಂಥ ನಂಬಿಕೆ! ಅಂದು ಸಂಜೆ ರಶ್ಮಿಯ ಜ್ವರವೂ ಇಳಿಯಿತು. ಮುಂದಿನ ಸಲ ಜ್ವರ ಬಂದಾಗ ಅಂದಿನ ಚೀಟಿಯ ತೂಕ ಬಿಟ್ಟು ಬೇರೆ ಅಂಕಿ ಹೇಳಲು ಅವನಿಗೆ ಧೈರ್ಯವಾಗಲಿಲ್ಲ.

ವಾರ್ಡಿಗೆ ಮರಳಿದಾಗ ನರ್ಸು ರಶ್ಮಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದಳು. ಯಶೋದಾ ಸಲೈನ್ ಬಾಟಲಿಯನ್ನು ದೀಪದಂತೆ ಎತ್ತಿ ಹಿಡಿದಿದ್ದಳು. "ಹತ್ತೊಂಬತ್ತು ಪಾಯಿಂಟ್ ಎರಡು," ಎಂದಳು ನರ್ಸು. ಹೋದ ತಿಂಗಳು ಇಪ್ಪತ್ತು ಪಾಯಿಂಟ್ ಒಂದು ಇತ್ತು. ಒಂಬೈನೂರು ಗ್ರಾಂ ಮಗಳು ಮೂರು ದಿನದಲ್ಲಿ ಎಲ್ಲಿ ಹೋದಳು ಎಂದು ಹಾಲಸ್ವಾಮಿ ಸುತ್ತ ನೋಡಿದ. ಬುಧವಾರ ಸಂಜೆ ಜ್ವರ, ಅದೇ ಮುಚ್ಚಳದಲ್ಲಿ ಸಿರಪ್, ಗುರುವಾರದಿಂದ ವಾಂತಿ ಭೇದಿ. ಜ್ವರದ ಹಿಂದಿನ ದಿನ, ಮಂಗಳವಾರ, ಅದೇ ಮುಚ್ಚಳ ಮಳೆಮಾಪಕದೊಳಗೆ ಹತ್ತೊಂಬತ್ತು ಸಲ ಮುಳುಗಿತ್ತು. ಹದಿನೇಳನೆಯ ಮುಚ್ಚಳದಲ್ಲಿ ಒಂದು ಜಿರಳೆ ಬೆನ್ನ ಮೇಲಾಗಿ ತೇಲುತ್ತಿದ್ದುದು ಈ ನಾಲ್ಕು ದಿನವೂ ಅವನ ಕಣ್ಣಮುಂದಿತ್ತು. ತೊಳೆದಿದ್ದೆ, ಎರಡು ಸಲ ತೊಳೆದಿದ್ದೆ, ಎರಡನೇ ಸಲ ಸೋಪು ಹಾಕಿದ್ದೆನೇ?

ಫೋನು ಮತ್ತೆ ಕೂಗಿತು. ಗೋಣೆಪ್ಪ. "ಸಾಹೇಬ್ರೆ, ಬೆಳಗ್ಗಿಂದ ಮಾಡಾಕತ್ತೀನಿ. ಜಿಲ್ಲಾದವ್ರು ಮೂರು ಸಲ ಕೇಳಿದ್ರು. ಇವತ್ತು ಸ್ವಲ್ಪ ಬಂದೈತಿ ನೋಡ್ರಿ. ಎಷ್ಟಂತ ಹೇಳ್ಲಿ?"

ಹಾಲಸ್ವಾಮಿ ತೂಕದ ಯಂತ್ರದ ಮುಳ್ಳನ್ನು ನೋಡಿದ. ರಶ್ಮಿ ಇಳಿದ ಮೇಲೂ ಅದು ಸ್ವಲ್ಪ ನಡುಗುತ್ತಿತ್ತು. ಮಗಳು ಇಳಿದಿದ್ದಾಳೆ, ಮಳೆಯೂ ಇಳಿಯಬೇಕೇ? "ಆಮೇಲೆ ಹೇಳ್ತೀನಿ," ಎಂದ.

"ಖಾಲಿ ಬಿಡ್ಲಾ?" ಗೋಣೆಪ್ಪನ ದನಿಯಲ್ಲಿ ನಿಜವಾದ ಗಾಬರಿ ಇತ್ತು.

ಪಕ್ಕದ ಹದಿನೈದನೇ ಬೆಡ್ಡಿನಲ್ಲಿ ಹರಿಹರದ ಹತ್ತಿರದ ಸಾರಥಿ ಎಂಬ ಊರಿನ ಬಸವಣ್ಣೆಮ್ಮ ಮೊಮ್ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮಂಡಕ್ಕಿ ತಿನ್ನುತ್ತಿದ್ದಳು. ನಾಲ್ಕು ವರ್ಷದ ಆ ಹುಡುಗಿಯ ಕಣ್ಣು ಒಳಕ್ಕೆ ಹೋಗಿ, ತುಟಿ ಒಣಗಿ, ಕೈಯ ಚರ್ಮ ಅಜ್ಜಿಯ ಕೈಯ ಚರ್ಮದಂತೆಯೇ ಸುಕ್ಕಾಗಿತ್ತು. ಇಬ್ಬರನ್ನೂ ಒಟ್ಟಿಗೆ ನೋಡಿದರೆ ಅವರು ಒಂದೇ ವಯಸ್ಸಿನವರೆನಿಸುತ್ತಿತ್ತು. "ತಗಳವ್ವ," ಎಂದು ಯಶೋದಾಳಿಗೆ ಮಂಡಕ್ಕಿ ಪೊಟ್ಟಣ ಚಾಚಿ ಬಸವಣ್ಣೆಮ್ಮ ಹೇಳಿದಳು, "ಪುನರ್ವಸು ಮಳಿ ಹಿಂಗೇ ನೋಡು. ಹುಯ್ಯೋದೂ ಇಲ್ಲ, ಬಿಡೋದೂ ಇಲ್ಲ. ಮಧ್ಯಾಹ್ನ ಬಿಸ್ಲು, ಸಂಜಿಗೆ ಜಿಟಿಜಿಟಿ. ಮಕ್ಕಳ ಹೊಟ್ಟಿ ಏನಾಗ್ಬೇಕು? ನಮ್ಮೂರಾಗ ಒಂಬತ್ತು ಮಕ್ಕಳು ಮಲಗ್ಯಾವ. ನಿಮ್ಮನೆಯವ್ರು ಎಲ್ಲಿ ಕೆಲಸಕ್ಕದಾರೆ?"

"ಮಳೆ ಅಳೀತಾರೆ," ಎಂದಳು ಯಶೋದಾ. ಮದುವೆಯಾದಾಗಿನಿಂದ ಅದನ್ನು ಅವಳು ಸ್ವಲ್ಪ ಸಂಕೋಚದಿಂದಲೇ ಹೇಳುತ್ತಿದ್ದಳು.

"ಅಳದ್ರೆ ಏನ್ ಬರ್ತೈತಿ?" ಬಸವಣ್ಣೆಮ್ಮ ಕುತೂಹಲದಿಂದಲೇ ಕೇಳಿದಳು. ಅದಕ್ಕೆ ಉತ್ತರ ಹುಡುಕುತ್ತಿದ್ದ ಹಾಲಸ್ವಾಮಿಗೆ ವಾರ್ಡಿನ ಬಾಗಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ಬರುತ್ತಿದ್ದ ರೇವತಿ ಕಂಡಳು. ಬಾತ್‌ರೂಮಿಗೆ ಹೋಗಬಹುದಿತ್ತು. ಆದರೆ ಬಾತ್‌ರೂಮಿನ ಮುಂದೆ ಆರು ತಾಯಂದಿರು ಆರು ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು. ಇಡೀ ವಾರ್ಡಿನ ಹೊಟ್ಟೆ ಒಟ್ಟಿಗೇ ಕೆಟ್ಟಿತ್ತು.

ಅವಳು ಮೊದಲು ರಶ್ಮಿಯನ್ನು ನೋಡಿದಳು. ನಾಲಿಗೆ ನೋಡಿದಳು, ಹೊಟ್ಟೆಯ ಚರ್ಮ ಚಿವುಟಿ ನೋಡಿದಳು, ಕೈ ಒರಟಾಗೇನೂ ಇರಲಿಲ್ಲ. "ಇವತ್ತು ಪರವಾಗಿಲ್ಲ. ನಾಳೆ ಮನೆಗೆ ಹೋಗ್ಬಹುದು ಪುಟ್ಟಿ," ಎಂದಳು. ರಶ್ಮಿ, ಮನೆಗೆ ಹೋದರೆ ಶಾಲೆಗೂ ಹೋಗಬೇಕೇ ಎಂದು ವಿಚಾರಿಸಿದಳು. ಆಮೇಲೆ ರೇವತಿ ಬೆಡ್ಡಿನ ಕೊನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಯಶೋದಾಳ ಕಡೆ ತಿರುಗಿದಳು. "ಅಕ್ಕಾ, ನಿಮ್ ಯಜಮಾನ್ರು ಏನ್ ಮಾಡಿದಾರೆ ಗೊತ್ತಾ? ಮಳೆ ಅಳೆಯೋ ಯಂತ್ರದ ದಾಖಲೆಗಳು ಇದಾವೆ, ಅರ್ಧಕ್ಕರ್ಧ ಖಾಲಿ. ಇವರ ರಿಜಿಸ್ಟರಿನಾಗೆ ಐದು ವರ್ಷದಾಗ ಒಂದು ದಿನಾನೂ ಖಾಲಿ ಇಲ್ಲ. ಆ ಮಳೆ ಪಕ್ಕಕ್ಕೆ ನಮ್ ವಾರ್ಡಿಗೆ ಬಂದ ಮಕ್ಕಳ ಜ್ವರ, ಭೇದಿ ಲೆಕ್ಕ ಇಟ್ಟೆ. ನೋಡ್ರಿ ಇಲ್ಲಿ."

ಪರದೆಯ ಮೇಲೆ ಚುಕ್ಕೆಗಳಿದ್ದವು. ಯಶೋದಾ ಬಗ್ಗಿ ನೋಡಿದಳು, ಗಂಡನನ್ನೊಮ್ಮೆ ನೋಡಿದಳು. ಅವಳ ಮುಖದಲ್ಲಿ ಹಾಲಸ್ವಾಮಿ ಹತ್ತು ವರ್ಷದಿಂದ ಕಾಯುತ್ತಿದ್ದ ಒಂದು ಭಾವ ಮೂಡುತ್ತಿತ್ತು, ಮತ್ತು ಅದು ಮೂಡುತ್ತಿರುವುದನ್ನು ನೋಡುವುದಕ್ಕಿಂತ ಕಷ್ಟದ್ದು ಅವನಿಗೆ ಇನ್ನೊಂದಿರಲಿಲ್ಲ.

"ಜೋರು ಮಳೆ ಬಂದ್ರೆ ಗಟಾರ ತೊಳಕೊಂಡು ಹೋಗ್ತೈತೆ. ಸಣ್ಣ ಮಳೆ ನೆಲದಾಗೆ ಇಂಗ್ತೈತೆ. ನಡುವಿಂದು ಐತಲ್ಲ, ಅದು ನಿಂತ್ಕಂತೈತೆ. ನಿಂತಿದ್ದು ಒಡೆದ ಪೈಪಿನಾಗ ಇಳಿದು ನಲ್ಲಿಗೆ ಬರ್ತೈತೆ. ಅದಕ್ಕೇ ಈ ನಡುವಿನ ಮಳೆ ಬಂದಾಗ್ಲೆಲ್ಲ ವಾರ್ಡು ತುಂಬೈತೆ. ಈ ನಡುವಿನ ಅಳತೆಗೆ ಹರಿಹರ ಬ್ಯಾಂಡ್ ಅಂತ ಹೆಸರಿಟ್ಟೀವಿ. ವಿಚಿತ್ರ ಅಂದ್ರೆ ಸರ್, ಈ ಬ್ಯಾಂಡು ವರ್ಷಾ ವರ್ಷಾ ಮ್ಯಾಲೆ ಹೋಗ್ತೈತೆ. ಮೊದಲ್ನೇ ವರ್ಷ ಹನ್ನೆರಡು ಮಿಲಿಮೀಟರ್ ಚಿಲ್ಲರೆ. ಆಮೇಲೆ ಹದಿನಾಕು, ಹದಿನಾರು, ಹದಿನೆಂಟು. ಈ ವರ್ಷ ಇಪ್ಪತ್ತು. ಯಾಕೆ ಅಂತ ನಮ್ ಗೈಡಿಗೂ ತಿಳೀಲಿಲ್ಲ. ಹವಾಮಾನ ಬದಲಾವಣೆ ಅಂತ ಬರ್ದೀವಿ."

ಹವಾಮಾನ ಬದಲಾವಣೆ ಹಾಸಿಗೆಯ ಮೇಲೆ ಕೂತು ಗ್ಲೂಕೋಸ್ ಬಿಸ್ಕತ್ತಿನ ಅಂಚನ್ನು ಇಲಿಯಂತೆ ಕಡಿಯುತ್ತಿತ್ತು. ಹಾಲಸ್ವಾಮಿಗೆ ನಗು ಬಂತು. ಅದು ಬಾಯಿಗೆ ಬರುವಷ್ಟರಲ್ಲಿ ಕೆಮ್ಮಾಗಿತ್ತು. ಅವನು ಆ ಚುಕ್ಕೆಗಳನ್ನು ಒಂದೊಂದಾಗಿ ಗುರುತಿಸಬಲ್ಲವನಾಗಿದ್ದ. ಇದು ರಶ್ಮಿಗೆ ಕೆಪ್ಪಟೆ ಬಂದದ್ದು, ಕೆನ್ನೆ ಊದಿ ನೀರೂ ನುಂಗಲಾರದೆ ಅವನ ಅಂಗಿಯ ಮೇಲೆ ಕಕ್ಕಿದ್ದು. ಇದು ಯುಕೆಜಿಯ ಮೊದಲ ವಾರ, ಶಾಲೆಯಿಂದ ಪುಸ್ತಕದ ಜೊತೆ ಕೆಮ್ಮನ್ನೂ ತಂದದ್ದು. ಇದು ಮೈಯೆಲ್ಲ ಗುಳ್ಳೆಯೆದ್ದು ಅವಳು ಕನ್ನಡಿಯ ಮುಂದೆ ನಿಂತು "ಅಪ್ಪಾ, ನಾನು ಸೀತಾಫಲ" ಎಂದದ್ದು. ಅಷ್ಟು ದಿನವೂ ಅವನು ಹಣೆ ಮುಟ್ಟಿ ಮುಟ್ಟಿ ಹೆದರಿದ್ದ. ಅವಳಿಗೆ ಜ್ವರ ಬಂದಾಗ ಊರ ಮಕ್ಕಳಿಗೂ ಬಂದಿರುತ್ತದೆ, ಅದರಲ್ಲಿ ವಿಶೇಷವೇನು? ಡಾಕ್ಟರು ಜ್ವರದ ಪಕ್ಕ ಮಳೆ ಇಟ್ಟು ನೋಡಿದೆನೆಂದುಕೊಂಡಿದ್ದಾಳೆ. ಇಟ್ಟಿದ್ದು ಜ್ವರದ ಪಕ್ಕ ಜ್ವರವನ್ನೇ. ಹೊಂದದೆ ಇರುತ್ತದೆಯೇ?

ಬಸವಣ್ಣೆಮ್ಮ ಕೈಯೊಳಗಿನ ಮಂಡಕ್ಕಿ ಕೊಡವಿ ಕೇಳಿದಳು: "ತಾಯಿ, ಹೋದ್ ವರ್ಷ ಇಂಥಾ ಮಳಿ ಬಂದಾಗ ನಿಮ್ಮೋರು ನಮ್ಮೂರಿಗೆ ಬಂದು ಟ್ಯಾಂಕಿಗೆ ಬಿಳಿ ಪುಡಿ ಹಾಕಿ, ಮಕ್ಕಳಿಗೆ ಭೇದಿಗೆ ಕುಡಿಸೋ ಪಾಕೀಟು ಕೊಟ್ಟು ಹೋಗಿದ್ರು. ಈ ಸಲ ಯಾಕ ಬರ್ಲಿಲ್ಲ?"

"ಜನ ಕಮ್ಮಿ ಅದಾರಜ್ಜಿ. ಎಲ್ಲಾ ಮಳೆಗೂ ಎಲ್ಲಾ ಊರಿಗೂ ಕಳ್ಸಕಾಗಲ್ಲ. ಅದಕ್ಕೆ ಈ ವರ್ಷದಿಂದ ಬ್ಯಾಂಡಿನಾಗ ಬಂದ ಮಳೆಗೆ ಮಾತ್ರ ಕಳ್ಸನ ಅಂತ ನಾವೇ ಹೇಳಿದ್ವಿ. ಇಪ್ಪತ್ತರ ಆಸುಪಾಸು ಆಗ್ಬೇಕಿತ್ತು. ಮಂಗಳವಾರದ್ದು ಒಂಬತ್ತೂವರೆ ಅಷ್ಟೆ."

"ಒಂಬತ್ತೂವರೆ ಅಂತ ಯಾರು ಹೇಳಿದ್ರು?"

"ಇವರೇ," ಎಂದು ರೇವತಿ ಅಭಿಮಾನದಿಂದ ಹಾಲಸ್ವಾಮಿಯ ಕಡೆ ಕೈ ತೋರಿಸಿದಳು.

ಬಸವಣ್ಣೆಮ್ಮ ಅವನನ್ನು ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ತಕ್ಕಡಿಯವನನ್ನು ಜನ ನೋಡುವ ಬಗೆಯಲ್ಲಿ ನೋಡಿ, ಮೊಮ್ಮಗಳ ಕಾಲು ಒತ್ತತೊಡಗಿದಳು. ಒಂಬತ್ತೂವರೆ ನಿಜವಾಗಿತ್ತು. ಹತ್ತೊಂಬತ್ತು ಮುಚ್ಚಳ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ಜಿರಳೆ ಸಮೇತ. ತಾನು ಸರಿಯಾಗಿ ಎಣಿಸಿದ ದಿನವೇ ಸಾರಥಿಗೆ ಯಾರೂ ಹೋಗಲಿಲ್ಲ ಎಂಬುದನ್ನು ಯಾರ ಮುಂದೆ ಹೇಳಿಕೊಳ್ಳುವುದು? ರೇವತಿ ಸರ್ಟಿಫಿಕೇಟಿನ ಹಾಳೆಯನ್ನು ಲ್ಯಾಪ್‌ಟಾಪಿನ ಮೇಲಿಟ್ಟು ಪೆನ್ನಿನ ಬಟನ್ ಒತ್ತಿದಳು. ಹಾಲಸ್ವಾಮಿ ಬೆಡ್ಡಿನ ಕೆಳಗಿನ ಚೀಲದಿಂದ ರಶ್ಮಿಯ ಫೈಲನ್ನು ತೆಗೆದ. ಗುಮಾಸ್ತನ ಫೈಲು, ಐದು ವರ್ಷದ ಚೀಟಿಗಳು ತಾರೀಖಿನ ಪ್ರಕಾರ ದಾರದಲ್ಲಿ ಪೋಣಿಸಿಕೊಂಡಿದ್ದವು. ಕಚೇರಿಯಲ್ಲಿ ಮೇಲಧಿಕಾರಿಗೆ ಸಲ್ಲಿಸುವಂತೆ ಎರಡೂ ಕೈಯಿಂದ ಅದನ್ನು ಹಾಳೆಯ ಮೇಲಿಟ್ಟ.

"ಏನ್ ಸರ್ ಇದು?"

"ತೂಕ ನೋಡ್ರಿ ಮೇಡಂ. ಚೀಟಿ ಮೂಲ್ಯಾಗೆ. ತಾರೀಖನ್ನೂ ನೋಡ್ರಿ."

ಅವಳು ನೋಡಿದಳು. ಒಂದು ಚೀಟಿ ಮಗುಚಿದಳು, ಇನ್ನೊಂದು. ಪರದೆ ನೋಡಿದಳು. ಮತ್ತೆ ಚೀಟಿ. ಮಕ್ಕಳ ಡಾಕ್ಟರಾಗಲು ಹೊರಟವಳು ದಿನಕ್ಕೆ ಐವತ್ತು ಸಲ ನೋಡುವ, ಮಗುವಿನ ತೂಕ ಏರುವ ಗೆರೆ ಅದು. ಪ್ರತಿ ತಾಯಿಯ ಕಾರ್ಡಿನಲ್ಲೂ ಅಚ್ಚಾಗಿರುತ್ತದೆ. ಮಳೆಯೆಂದು ಹೆಸರು ಬರೆದಿದ್ದರಿಂದ ಇಷ್ಟು ದಿನ ಕಂಡಿರಲಿಲ್ಲ. "ಇದು ಗ್ರೋತ್ ಚಾರ್ಟ್," ಎಂದಳು ಮೆಲ್ಲಗೆ. "ಸರ್, ಇದು ನಿಮ್ ಮಗಳ ಗ್ರೋತ್ ಚಾರ್ಟ್."

ಹಾಲಸ್ವಾಮಿ ಎಲ್ಲ ಹೇಳಿದ. ಕೋತಿ, ಗ್ಲಾಸು, ಮುಚ್ಚಳ, ಗೋಣೆಪ್ಪನ ಚಪ್ಪಲಿ. ಮುಚ್ಚಳದ ಹೆಸರು ಬಂದಾಗ ಯಶೋದಾ ಎದ್ದು ನಿಂತಳು. "ಯಾವ ಮುಚ್ಚಳ? ಕಪಾಟಿನಾಗಿಂದಾ? ನನ್ ಮಗಳ ಬಾಯಿಗಿಡೋದು?" "ತೊಳೀತಿದ್ದೆ," ಎಂದ ಹಾಲಸ್ವಾಮಿ. ಜಿರಳೆಯನ್ನು ಬಿಟ್ಟುಬಿಡೋಣವೆಂದುಕೊಂಡವನು ಅದನ್ನೂ ಹೇಳಿದ. ಹೇಳಿ, ರೇವತಿಯ ಕಡೆ ತಿರುಗಿ, "ಅದ್ರಿಂದನೇ ಹಿಂಗಾತಾ ಮೇಡಂ? ನನ್ನಿಂದನೇ ಆತಾ?" ಎಂದ. ಅದು ಬಾತ್‌ರೂಮಿನ ಸರತಿಯವರೆಗೂ ಕೇಳಿಸಿತು.

"ಮುಚ್ಚಳದಿಂದ ಅಲ್ಲ ಸರ್. ಜ್ವರ ಅದಕ್ಕಿಂತ ಮೊದ್ಲೇ ಬಂದಿತ್ತಲ್ಲ. ಈ ವೈರಸ್ಸು ಹಂಗೇ, ಮೊದಲು ಜ್ವರ, ಆಮೇಲೆ ಭೇದಿ. ನೋಡ್ರಿ, ಇಡೀ ವಾರ್ಡಿಗೆ ಅದೇ ಐತೆ. ಎಲ್ಲಾರ ಮನ್ಯಾಗೂ ನಿಮ್ ಮುಚ್ಚಳ ಇರ್ಲಿಲ್ಲ." ಅವಳು ಇದನ್ನು ಡಾಕ್ಟರಾಗಿ, ಕರ್ತವ್ಯವೆಂಬಂತೆ, ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಹೊರಗೆ ಬಿಸಿಲಿನಲ್ಲೇ ಮಳೆ ಹನಿಯುತ್ತಿತ್ತು. ಅವಳ ಫೋನು ಕೂಗಿತು. "ಹ್ಞೂಂ ಸರ್. ಬರ್ತೀನಿ ಸರ್. ಸಹಿ ಆಗ್ತೈತೆ ಸರ್," ಎಂದಳು ಗೈಡಿಗೆ. ಅವಳ ಬೆನ್ನನ್ನು ನೋಡುತ್ತಿದ್ದ ಹಾಲಸ್ವಾಮಿಗೆ, ಈ ಹುಡುಗಿ ಎಷ್ಟು ದಿನದಿಂದ ನಿದ್ದೆ ಮಾಡಿಲ್ಲವೋ ಎನಿಸಿತು. ತನ್ನ ಮಗಳೂ ಒಂದು ದಿನ ಯಾರೋ ಗುಮಾಸ್ತನ ಅಂಕಿಯನ್ನು ನಂಬಿ ಹೀಗೇ ಕಿಟಕಿಯ ಹತ್ತಿರ ನಿಲ್ಲಬಹುದು.

ಅವಳು ಹೊರಗೆ ಹೋಗಿ ಹಿಂತಿರುಗಿದಾಗ ಮುಖ ತೊಳೆದುಕೊಂಡಿದ್ದಳು, ಕೈಯಲ್ಲಿ ಹೊಸ ಹಾಳೆಯಿತ್ತು. ಹಾಸಿಗೆಯ ಮೇಲಿಟ್ಟು ಬರೆದಳು, ಬರೆದದ್ದನ್ನು ಓದಿ ಹೇಳಿದಳು: "ಹರಿಹರ ಕಚೇರಿಯ ಮಳೆ ರಿಜಿಸ್ಟರಿನಲ್ಲಿ ಇರುವ ಎಲ್ಲ ಅಂಕಿಗಳೂ ನನ್ನ ಕೈಬರಹದಲ್ಲಿವೆ ಎಂದು ಈ ಮೂಲಕ ದೃಢೀಕರಿಸುತ್ತೇನೆ. ಅಷ್ಟೆ ಸರ್. ಗ್ಲಾಸು ಇಲ್ಲ, ಅಳೆದದ್ದು ಇಲ್ಲ. ಇದ್ರಾಗ ಒಂದಕ್ಷರ ಸುಳ್ಳಿಲ್ಲ, ಹೌದಲ್ರೀ? ಕೊನೇ ಅಧ್ಯಾಯದಾಗ, ಅಳತೆಯಲ್ಲಿ ವ್ಯತ್ಯಾಸ ಇರ್ಬಹುದು ಅಂತ ನಾನೂ ಒಂದು ಸಾಲು ಹಾಕ್ತೀನಿ. ನೀವು ಹೇಳಿದ್ದು ನಾನು ಕೇಳಿಲ್ಲ. ನಿಮಗೂ ತೊಂದ್ರಿಲ್ಲ, ನನಗೂ ಇಲ್ಲ."

ಎಂಥ ಕರಡು! ಇಪ್ಪತ್ತು ವರ್ಷ ಕರಡು ಬರೆದವನಾಗಿ ಹಾಲಸ್ವಾಮಿ ಅದನ್ನು ಮೆಚ್ಚದೆ ಇರಲಾರದೆ ಹೋದ. ಹಿಡಿಯಲು ಎಲ್ಲೂ ಒಂದು ತುದಿ ಇರಲಿಲ್ಲ. ಡಾಕ್ಟರಾಗದೆ ಕಚೇರಿಗೆ ಸೇರಿದ್ದರೆ ಎಲ್ಲಿಗೋ ಹೋಗುತ್ತಿದ್ದಳು.

"ಹಾಕ್ರಿ ಸಹಿ," ಎಂದಳು ಯಶೋದಾ. "ಪಾಪ, ಆ ಹುಡುಗಿ ಜೀವ ತಿನ್ಬ್ಯಾಡ್ರಿ. ಮುಚ್ಚಳದ ವಿಷ್ಯ ಮನ್ಯಾಗೆ ಮಾತಾಡನ."

ಪೆನ್ನು ಅವನ ಕೈಗೆ ಬಂತು. ಅವನು ಹಾಳೆಯ ಮೇಲೆ ಬಗ್ಗಿದ. ಮುಂದಿನ ವರ್ಷ ರಶ್ಮಿ ಇಪ್ಪತ್ತೆರಡು ಕೆ.ಜಿ. ಆಗುತ್ತಾಳೆ, ಗೆರೆ ಮೇಲೆ ಹೋಗುತ್ತದೆಂದು ಥೀಸಿಸ್ಸಿನಲ್ಲಿ ಅಚ್ಚಾಗಿರುವುದರಿಂದ ಬಿಳಿ ಪುಡಿಯ ತಂಡದವರು ಇಪ್ಪತ್ತೆರಡರ ಮಳೆಗೆ ಕಾಯುತ್ತಾರೆ. ಅದರ ಮುಂದಿನ ವರ್ಷ ಇಪ್ಪತ್ತನಾಲ್ಕು. ಅವಳು ಹೈಸ್ಕೂಲಿಗೆ ಹೋಗುತ್ತಾಳೆ, ಮೈ ತುಂಬಿಕೊಳ್ಳುತ್ತಾಳೆ, ಬಿಳಿ ಪುಡಿಯ ಚೀಲಗಳು ಹರಿಹರದಲ್ಲಿ ನಲವತ್ತೈದು ಮಿಲಿಮೀಟರ್ ಮಳೆಗೆ ಕಾಯುತ್ತ ಗಟ್ಟಿಯಾಗುತ್ತವೆ. ಒಂದು ದಿನ ಅವಳು ಬೆಳೆಯುವುದನ್ನು ನಿಲ್ಲಿಸುತ್ತಾಳೆ, ಅಂದು ಹವಾಮಾನ ಬದಲಾವಣೆ ನಿಂತಿತೆಂದು ಯಾರೋ ಇನ್ನೊಂದು ಥೀಸಿಸ್ ಬರೆಯುತ್ತಾರೆ. ಅವಳಿಗೆ ಮದುವೆಯಾಗಿ ಮೈ ಬಂದರೆ ಪ್ರಳಯ. ಪಕ್ಕದ ಬೆಡ್ಡಿನಲ್ಲಿ ಬಸವಣ್ಣೆಮ್ಮ ಮೊಮ್ಮಗಳ ಬಾಯಿಗೆ ಚಮಚದಿಂದ ಪಾಕೀಟಿನ ನೀರು ಬಿಡುತ್ತಿದ್ದಳು. ಒಂದು ಚಮಚ ಒಳಗೆ ಹೋಯಿತು, ಎರಡನೆಯದು ಗಲ್ಲದ ಮೇಲೆ ಇಳಿಯಿತು. ಅವಳು ಅದನ್ನು ಸೆರಗಿನಿಂದ ಒರೆಸಿ ಮತ್ತೊಂದು ಚಮಚ ತುಂಬಿದಳು. ಒಂಬತ್ತು ಮಕ್ಕಳು ಎಂದಿದ್ದಳು. ಊರಿನಲ್ಲಿ ಉಳಿದವರಿಗೆ ಈ ನೀರನ್ನು ಯಾರು ಕುಡಿಸುತ್ತಿರಬಹುದು?

"ಇಲ್ಲಿ ಸರ್, ಈ ಗೆರೆ ಮ್ಯಾಲೆ," ಎಂದು ರೇವತಿ ಬೆರಳಿಟ್ಟು ತೋರಿಸಿದಳು. "ಮೂರೂವರೆ ಆತು ಸರ್."

ಹಾಲಸ್ವಾಮಿ ಪೆನ್ನಿನ ಬಟನ್ ಒತ್ತಿ ಮೊನೆಯನ್ನು ಒಳಗೆ ಕಳಿಸಿ, ಅವಳ ಬೆರಳ ಪಕ್ಕದಲ್ಲಿ ಇಟ್ಟ.

"ಬ್ಯಾಡ ಮೇಡಂ," ಎಂದ. "ನಾನು ಹಾಕಲ್ಲ."